ನೀರು ಸೇದುವವಳ ಅಭಿಪ್ರಾಯ

ಗುರುವಾರ, ಮಧ್ಯಾಹ್ನ
ಕಾಲೇಜು ಲೈಬ್ರರಿ, ಕಿಟಕಿ ಪಕ್ಕದ ಮೇಜು

ಭಾವ,

ಪ್ರತಿ ಸಲ 'ಪ್ರೀತಿಯ ಭಾವನಿಗೆ' ಅಂತ ಶುರು ಮಾಡುತ್ತಿದ್ದೆ. ಇವತ್ತು ಬರೀ ಭಾವ. ಕಿವಿ ಹೇಗಿದೆ ಅಂತ ಕೇಳಬೇಕಾದ್ದು ಮ್ಯಾನರ್ಸ್. ಕೇಳಿದೆ ಅಂದುಕೊಳ್ಳಿ.

ನಿಮ್ಮ ಪಾರ್ಸಲ್ ಮಂಗಳವಾರವೇ ಬಂತು. ಅಕ್ಕನಿಗೆ ಒಂದು ಪುಸ್ತಕ, ಅದರೊಳಗೆ ಚೀಟಿ. ಇದನ್ನು ಓದಿ ಮುಗಿಸು, ಭಾನುವಾರ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ದಾರಿಯಲ್ಲಿ ಅಭಿಪ್ರಾಯ ಹೇಳುವೆಯಂತೆ ಅಂತ ಬರೆದಿದ್ದೀರಿ. ಅವಳ ಕೈ ಹೇಗಿದೆ ಅಂತ ಒಂದು ಮಾತಿಲ್ಲ. ಕೆಳಗೆ ನನಗೂ ಒಂದು ಸಾಲು: 'ಗೆದ್ದಲು, ಸಿಟ್ಟು ಇಳಿದಿರಬೇಕು. ಬಾವಿ ಕಾದಂಬರಿ ಬಗ್ಗೆ ನೀನು ಬರೆದದ್ದನ್ನು ಅಂಗಡಿಗೆ ಬರುವವರಿಗೆಲ್ಲ ಇನ್ನೂ ಓದಿ ಹೇಳುತ್ತಿದ್ದೇನೆ.'

ಆ ಸಾಲನ್ನು ಎರಡು ದಿನ ಮತ್ತೆ ಮತ್ತೆ ಓದಿದೆ. ಇವತ್ತು ಇದನ್ನು ಬರೆಯಲು ಕೂತೆ. ಸೋಮವಾರ ನನಗೆ ಮೊದಲ ಸೆಮಿಸ್ಟರಿನ ಪರೀಕ್ಷೆ. ಟೆನ್ಶನ್ ಆದರೆ ನನ್ನ ಅಂಗೈ ಬೆವರುತ್ತದೆ ಅಂತ ನಿಮಗೆ ಗೊತ್ತು. ಕಾಗದ ಅಲ್ಲಲ್ಲಿ ಒದ್ದೆಯಾಗಿದ್ದರೆ ಅದು ಕಣ್ಣೀರಲ್ಲ.

ಅಕ್ಕ ನಮ್ಮ ಹಾಸ್ಟೆಲಿನ ಸಿಕ್ ರೂಮಿನಲ್ಲಿದ್ದಾಳೆ. ಹೊರಗಿನವರು ಇರುವ ಹಾಗಿಲ್ಲ. ನಮ್ಮ ವಾರ್ಡನ್ನಿಗೆ ಹುಡುಗಿಯರು ಇಟ್ಟ ಹೆಸರು ಸೈರನ್; ಅವರು ಬಾಯಿ ತೆರೆದರೆ ಮೂರನೇ ಮಹಡಿಯ ಬಟ್ಟೆ ಒಣಗುತ್ತದೆ ಅಂತ ಜೋಕು. ಅಕ್ಕನ ಕೈ ನೋಡಿದ ಮೇಲೆ ಸೈರನ್ ದನಿ ತಗ್ಗಿತು. ಸಿಕ್ ರೂಮಿನ ಬೀಗದ ಕೈ ಅಕ್ಕನ ಎಡಗೈಗೆ ಕೊಟ್ಟು, ಒಳಗಿಂದ ಚಿಲಕ ಹಾಕ್ಕೊಳಮ್ಮಾ ಅಂದು ಹೋದರು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅಮ್ಮ ಹೋದ ಮೇಲೆ ಹಾಸ್ಟೆಲಿನಲ್ಲಿ ಬೆಳೆದ ನನಗೆ, ನಿನಗೂ ಒಂದು ಅಭಿಪ್ರಾಯ ಅಂತ ಇರುತ್ತದೆ ಕಣೇ ಎಂದ ಮೊದಲ ದೊಡ್ಡವರು ನೀವು. ನಿಮ್ಮ ಹಳೇ ಪುಸ್ತಕದ ಅಂಗಡಿ, ಬಾಗಿಲ ಬಳಿ ಟೀ ಫ್ಲಾಸ್ಕು, ಮೇಲಿನ ಕಪಾಟಿಗೆ ಒರಗಿಸಿದ ಏಣಿ, ದುಡ್ಡಿಲ್ಲದ ಹುಡುಗರಿಗೆ ಪರವಾಗಿಲ್ಲ, ನಿಂತುಕೊಂಡೇ ಓದಿ ಎನ್ನುವ ನೀವು. ಬೀದಿಗೆ ಬೀದಿಯೇ ನಿಮ್ಮನ್ನು ದೇವರಂಥ ಮನುಷ್ಯ ಅನ್ನುತ್ತದೆ. ನೀವು ಪಾರ್ಸಲ್ ಕಳಿಸುತ್ತಿದ್ದಿರಿ, ನಾನು ಓದಿ ಪತ್ರ ಬರೆಯುತ್ತಿದ್ದೆ. ಫೋನ್ ಮಾತು ಗಾಳಿಗೆ ಹೋಗುತ್ತೆ, ಅಭಿಪ್ರಾಯ ಕಾಗದದ ಮೇಲಿರಬೇಕು ಅನ್ನುತ್ತಿದ್ದಿರಿ. ಪುಸ್ತಕಗಳನ್ನು ತಿಂದು ಹಾಕುತ್ತಾಳೆ ಅಂತ ನನಗೆ ಗೆದ್ದಲು ಅಂತ ಹೆಸರಿಟ್ಟಿರಿ.

ಆ್ಯಕ್ಚುಲಿ, ಭಾವ, ನಾನು ಒಂದನ್ನೂ ತಿಂದಿಲ್ಲ.

ಶಾಲೆ ಪೂರ್ತಿ ಇಂಗ್ಲಿಷಿನಲ್ಲಿ ಓದಿದ ನನಗೆ ನಮ್ಮ ಭಾಷೆಯ ದಪ್ಪ ಪುಸ್ತಕ ಅಂದರೆ ಕರೆಂಟು ಹೋದಾಗ ಮೆಟ್ಟಿಲು ಇಳಿದ ಹಾಗೆ, ಒಂದೊಂದು ಪದಕ್ಕೂ ಕಾಲು ಚಾಚಿ ಹುಡುಕಬೇಕು. ಕುಂಟ ಪೊಲೀಸಿನವನ ಕಾದಂಬರಿ ಮೊದಲ ಶವಯಾತ್ರೆಯಲ್ಲೇ ಬಿಟ್ಟೆ. ಹಡಗಿನ ಅಡುಗೆಯವನ ಆತ್ಮಕಥೆ ನನ್ನ ರೂಮಿನ ಕಿಟಕಿ ಬಡಿಯದ ಹಾಗೆ ಒತ್ತುಕೊಟ್ಟಿದೆ, ಆ ಕೆಲಸಕ್ಕೆ ಉತ್ತಮ ಪುಸ್ತಕ, ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಬಾವಿ ಕಾದಂಬರಿಯಲ್ಲಿ ಅಣ್ಣತಮ್ಮಂದಿರು ಮೂವರೋ ನಾಲ್ವರೋ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಓದಿದವಳು ಅಕ್ಕ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕ ಹೊಲಿದು ಬೆನ್ನಿಗೆ ಅಂಟು ಹಚ್ಚುವವಳು ಅವಳು. ಅಂಟು ಒಣಗುವ ತನಕ ಸುಮ್ಮನೆ ಕೂರಲಾಗದೆ ಪಕ್ಕದ ಪುಸ್ತಕ ಓದುತ್ತಾಳೆ. ನಿಮ್ಮ ಕೈಯಲ್ಲಿ ಮಾರಾಟವಾದದ್ದೆಲ್ಲ ಅವಳ ಕಣ್ಣು ದಾಟಿ ಹೋಗಿದೆ. ನಾನು ಫೋನ್ ಮಾಡಿ, ಅಕ್ಕಾ, ಭಾವ ಅಭಿಪ್ರಾಯ ಕೇಳಿದಾರೆ, ನಂದು ಮೊದಲ ಅಧ್ಯಾಯವೂ ಆಗಿಲ್ಲ, ಸತ್ತೆ ಕಣೇ ಅಂದರೆ ಅವಳು ನಗುತ್ತಿದ್ದಳು. ಬರ್ಕೋ ಸೋಮಾರಿ ಅಂತ ಹೇಳುತ್ತಾ ಹೋಗುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ. ನಿನ್ನ ಹೆಸರು ಹೇಳ್ಲಾ ಅಂದರೆ, ಬೇಡ, ಅವರಿಗೆ ನಿನ್ನ ಪತ್ರ ಅಂದ್ರೆ ಖುಷಿ, ಆ ದಿನ ಮನೆ ತಣ್ಣಗಿರುತ್ತೆ ಅನ್ನುತ್ತಿದ್ದಳು. ಮನೆ ತಣ್ಣಗಿರುವುದು ಅಂದರೆ ಏನು ಅಂತ ನಾನು ಕೇಳಲಿಲ್ಲ. ಫ್ಯಾನಿನ ವಿಷಯ ಅಂದುಕೊಂಡಿದ್ದೆನೋ ಏನೋ, ದಡ್ಡಿ.

ಈ ರಜೆಯಲ್ಲಿ ಬಂದಾಗ ಗೊತ್ತಾಯಿತು. ಊಟವಾದ ಮೇಲೆ ತಟ್ಟೆ ಎತ್ತುವ ಹಾಗಿಲ್ಲ. ಎಂಜಲು ಕೈ ಒಣಗಿದರೂ ಸರಿ, ನೀವು ಓದಲು ಕೊಟ್ಟ ಪುಸ್ತಕದ ಬಗ್ಗೆ ಅಕ್ಕ ಅಭಿಪ್ರಾಯ ಹೇಳಬೇಕು. ನಿಮ್ಮ ದನಿ ಏರುವುದೇ ಇಲ್ಲ. ಹೇಳಮ್ಮಾ, ನಾಯಕ ಯಾಕೆ ಮನೆ ಬಿಟ್ಟ? ಅಷ್ಟೇ. ಫೋನಿನಲ್ಲಿ ನದಿಯ ಹಾಗೆ ಮಾತಾಡುವ ಅಕ್ಕ ನಿಮ್ಮ ಮುಂದೆ ಮೂಕಿಯಾಗುತ್ತಿದ್ದಳು. ಓದಿಲ್ಲ ನೀನು, ಅರ್ಧಕ್ಕೆ ಬಿಟ್ಟಿದೀಯ, ಪುಸ್ತಕ ಅರ್ಧಕ್ಕೆ ಬಿಡೋಳು ನಾಳೆ ಗಂಡನ್ನೂ ಬಿಡ್ತಾಳೆ ಅನ್ನುತ್ತಾ ಆ ಪುಸ್ತಕದಿಂದಲೇ ಅವಳ ತಲೆಗೆ ಬಡಿಯುತ್ತಿದ್ದಿರಿ. ಓದಿದ್ದು ತಲೆಗೆ ಹತ್ತದಿದ್ರೆ ಹತ್ತಿಸಬೇಕಲ್ಲಮ್ಮ ಅಂತ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಿರಿ. ತಮಾಷೆ ಅಂದುಕೊಂಡು ನಾನು ಹಲ್ಲು ಕಿರಿದೆ. ಆಮೇಲೆ ಅಕ್ಕನ ತಲೆ ಬಾಚಲು ಕೂತಾಗ ಬಾಚಣಿಗೆ ಒಂದೊಂದು ಕಡೆ ತಗುಲಿದರೂ ಅವಳು ಹಲ್ಲು ಕಚ್ಚುತ್ತಿದ್ದಳು. ಕೈಯಲ್ಲಿ ಹೊಡೆದರೆ ಬೆರಳು ಮೂಡುತ್ತದೆ. ದಪ್ಪ ಪುಸ್ತಕಕ್ಕೆ, ಕೂದಲಿನ ಕೆಳಗೆ, ಆ ತಾಪತ್ರಯವಿಲ್ಲ. ಮುಖಕ್ಕೆ ಬಿದ್ದ ದಿನ ಮಾತ್ರ ತಪ್ಪನ್ನು ಅಂಗಡಿಯ ಏಣಿಯ ಮೇಲೆ ಹಾಕಬೇಕು. ಎಷ್ಟು ಸಲ ಬಿದ್ದಿದ್ದಾಳೆ ನಮ್ಮಕ್ಕ ಆ ಏಣಿಯಿಂದ!

ಇನ್ನು ರಜೆಯ ಆ ಕೊನೇ ಭಾನುವಾರ ಮಧ್ಯಾಹ್ನ. ಅಂಗಡಿ ಮುಚ್ಚಿತ್ತು. ನಾನು ಎದುರಿಗಿದ್ದೆ ಅಂತಲೋ ಏನೋ, ನೀವು ಬಾವಿ ಕಾದಂಬರಿ ಹೇಗಿತ್ತು ಅಂತ ಕೇಳಿದಾಗ ಅಕ್ಕ ಒಂದು ಸಲ ನನ್ನ ಮುಖ ನೋಡಿದಳು. ಬೆನ್ನು ನೆಟ್ಟಗೆ ಮಾಡಿ ಮೊದಲ ಸಲ ಬಾಯಿ ಬಿಟ್ಟಳು. ಬಾವಿಗಾಗಿ ಎಲ್ಲರೂ ಹೊಡೆದಾಡಿ ಸಾಯ್ತಾರೆ, ಆದ್ರೆ ಪುಸ್ತಕದುದ್ದಕ್ಕೂ ನೀರು ಸೇದೋಳು ಒಬ್ಬಳೇ, ಅವಳಿಗೆ ಬರೆದೋನು ಒಂದು ಮಾತೂ ಕೊಟ್ಟಿಲ್ಲ ಅಂದಳು.

ಎಷ್ಟು ಚೆನ್ನಾಗಿ ಹೇಳಿದಳು, ಭಾವ. ನನಗೆ ಚಪ್ಪಾಳೆ ತಟ್ಟಬೇಕು ಅನ್ನಿಸಿತು.

ನೀವು ಟವೆಲ್ಲಿನಲ್ಲಿ ಕೈ ಒರೆಸಿಕೊಂಡಿರಿ, ಒಂದೊಂದೇ ಬೆರಳು. ಇದು ಗೆದ್ದಲು ಬರೆದ ಮಾತು ಅಂದಿರಿ. ನನ್ನ ಮೇಜಿನ ಡ್ರಾಯರ್ ತೆಗೆದು ನಂಗೆ ಬಂದ ಪತ್ರ ಓದಿದೀಯ. ತಂಗಿ ತಲೇಲಿರೋದನ್ನ ಕದ್ದು ನನ್ನ ಮುಂದೆ ಕಕ್ಕುತೀಯ, ಕಳ್ಳಿ ಅಂದಿರಿ. ಅವಳ ಜಡೆಯನ್ನು ಮುಷ್ಟಿಗೆ ಸುತ್ತಿಕೊಂಡು ಮೆಟ್ಟಿಲಿಳಿಸಿ ಕೆಳಗಿನ ಅಂಗಡಿಯ ಹಿಂದಿನ ಕೋಣೆಗೆ ಎಳೆದಿರಿ. ಹೊಲಿದ ಪುಸ್ತಕ ಒತ್ತಿಡುವ ಆ ಕಬ್ಬಿಣದ ಪ್ರೆಸ್ಸಿನೊಳಗೆ ಅವಳ ಬಲಗೈ ತೂರಿಸಿ ಹಿಡಿಯನ್ನು ತಿರುಗಿಸಿದಿರಿ. ಕದ್ದ ಕೈಗೆ ಇದೇ ಮದ್ದು ಅಂದಿರಿ, ಆಗಲೂ ಮೆತ್ತಗೆ.

ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅದು ಅವಳದೇ ಮಾತು ಅಂತ ಕಿರುಚಬೇಕಿತ್ತು. ಬಾಯಿ ತೆರೆದೆ. ಇಂಗ್ಲಿಷೂ ಬರಲಿಲ್ಲ, ನಮ್ಮ ಮಾತೂ ಬರಲಿಲ್ಲ. ಅಷ್ಟರಲ್ಲಿ ಒಣ ಕಡ್ಡಿ ಮುರಿದಂಥ ಸದ್ದು, ಅದರ ಹಿಂದೆಯೇ ಇನ್ನೊಂದು. ಅಕ್ಕ ಎಡಗೈಯಲ್ಲಿ ಪ್ರೆಸ್ಸಿನ ಹಿಡಿಗಾಗಿ ತಡಕಾಡಿದಳು. ಅಂಟಿನ ಡಬ್ಬಿ ಉರುಳಿತ್ತು. ಬಿಳೀ ಅಂಟಿನೊಳಗೆ ಅವಳ ಉಗುರಿನ ರಕ್ತ ಹರಿದು ಇಬ್ಬರ ಕಾಲಿಗೂ ಮೆತ್ತಿಕೊಳ್ಳುತ್ತಿತ್ತು.

ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ನಿಘಂಟಿತ್ತು. ನಾನು ಕಾಲೇಜು ಸೇರಿದೆ ಅಂತ ನೀವೇ ನನಗೆ ಕೊಟ್ಟದ್ದು, ಬೆನ್ನು ಸಡಿಲವಾಗಿದೆ ಅಂತ ಅಕ್ಕ ಹೊಲಿಯಲು ಇಟ್ಟುಕೊಂಡಿದ್ದಳು. ಎರಡೂ ಕೈಯಲ್ಲಿ ಎತ್ತಿದೆ. ಪೊಲೀಸಿನವರು ಕೇಳಿದರೂ ಕೈ ಜಾರಿತು ಅಂತ ಹೇಳುವುದಿಲ್ಲ, ಭಾವ. ನಿಮ್ಮ ತಲೆಗೆ ಗುರಿಯಿಟ್ಟೇ ಹೊಡೆದೆ. ನೀವು ಬಿದ್ದ ಮೇಲೆ ಇನ್ನೊಂದು ಸಲ ಹೊಡೆದೆ, ಆಗ ಕಿವಿ ಹರಿಯಿತು. ಮೂರನೆಯದಕ್ಕೂ ಎತ್ತಿದ್ದೆ. ಅಕ್ಕ ಪ್ರೆಸ್ಸಿನಲ್ಲಿ ಕೈ ಸಿಕ್ಕಿಸಿಕೊಂಡೇ, ಸಾಕು ಕಣೇ, ಸತ್ತು ಹೋಗ್ತಾರೆ, ಮೊದಲು ಇದನ್ನ ಬಿಚ್ಚು ಅಂದಳು. ಬಿಚ್ಚಿದೆ. ಆ ಬೆರಳುಗಳನ್ನು ನಾನು ಇಲ್ಲಿ ಬರೆಯಲಾರೆ.

ನೀವು ಏಣಿಯಿಂದ ಬಿದ್ದು ಕಿವಿ ಹರಿದುಕೊಂಡಿರಿ ಅಂತ ಬೀದಿಯಲ್ಲಿ ಸುದ್ದಿಯಂತೆ. ಮನೆಮಂದಿಗೆಲ್ಲ ಆಗಿಬರುವ ಏಣಿ. ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು ಕೇಳಿದಾಗ ಅಕ್ಕನೂ ಅದನ್ನೇ ಹೇಳಿದಳು. ನಾನು ಪ್ರೆಸ್ಸು ಅಂದೆ. ಅವರು ಇಬ್ಬರ ಮುಖ ನೋಡಿ, ಏಣಿ ಹೀಗೆ ಎರಡೂ ಕಡೆಯಿಂದ ಜಜ್ಜಲ್ಲಮ್ಮ ಅಂದು ನಾನು ಹೇಳಿದ್ದನ್ನೇ ಬರೆದುಕೊಂಡರು.

ಈಗ ನಿಜವಾದ ಭಯ ಹೇಳುತ್ತೇನೆ. ನೀವು ಬರುವುದಲ್ಲ. ನೀವು ಬಂದರೆ ಗೇಟಿನಲ್ಲಿ ಸೈರನ್ ಇದ್ದಾರೆ, ಬೀದಿ ಪೂರ್ತಿ ಕೇಳುತ್ತದೆ, ಡಾಕ್ಟರ ಕಾಗದವೂ ಇದೆ. ನನಗೆ ಭಯ ಆ ಪುಸ್ತಕದ್ದು. ಪಾರ್ಸಲ್ ಬಿಚ್ಚಿದ ಕ್ಷಣದಿಂದ ಅಕ್ಕ ಅದನ್ನು ಓದುತ್ತಿದ್ದಾಳೆ. ತೊಡೆಯ ಮೇಲಿಟ್ಟು, ಎಡಗೈಯಲ್ಲಿ ಪುಟ ತಿರುವಿ, ಹಾಳೆಗಳ ನಡುವೆ ಬ್ಯಾಂಡೇಜಿನ ತುಂಡು ಗುರುತಿಗಿಟ್ಟು. ಕ್ಲಾಸು ಮುಗಿಸಿ ಬಂದು ನಾನು ಅವಳ ಮುಖಕ್ಕಿಂತ ಮೊದಲು ಆ ತುಂಡು ಎಲ್ಲಿಗೆ ಬಂದಿದೆ ಅಂತ ನೋಡುತ್ತೇನೆ. ಬೇಡ ಕಣೇ, ಎಸಿ ಅಂದೆ. ಅರ್ಧಕ್ಕೆ ಬಿಡೋದು ನಂಗೆ ಬರಲ್ಲ ಅಂದಳು. ಹೌದು ಭಾವ, ನೀವು ತಲೆಗೆ ಬಡಿದು ಕಲಿಸಲು ಹೋದ ಪಾಠ ಅವಳಿಗೆ ಹುಟ್ಟಿನಿಂದ ಬಂದದ್ದು. ಎಂಥ ಕೆಟ್ಟ ಪುಸ್ತಕವನ್ನೂ, ಎಂಥ ಮನುಷ್ಯನನ್ನೂ, ಕೊನೇ ಪುಟದ ತನಕ ನೋಡೋಣ ಅನ್ನುವವಳು. ಈ ಪುಸ್ತಕ ಮುಗಿದರೆ ಅವಳು ನಿಮ್ಮ ಜೊತೆ ಹೊರಡುತ್ತಾಳೆ ಅಂತ ನನ್ನ ಮನಸ್ಸು ಹೇಳುತ್ತಿದೆ. ಹೋದರೆ ಮುಂದಿನ ಸಲ ಕೈಗೇ ನಿಲ್ಲುವುದಿಲ್ಲ.

ಅದಕ್ಕೆ ನಿಮಗೆ ನಿಜ ಬರೆದೆ. ಅಂಗಡಿಗೆ ಬರುವವರಿಗೆ ನೀವು ಹೆಮ್ಮೆಯಿಂದ ಓದಿ ಹೇಳುವ ಒಂದೊಂದು ಸಾಲೂ ನೀವು ಮುರಿದ ಕೈಯವಳದು. ಇನ್ನು ಓದುವಾಗ ಅವಳ ಹೆಸರು ಹೇಳಿ ಓದಿ, ತಾಕತ್ತಿದ್ದರೆ. ಭಾನುವಾರ ಬರಬೇಡಿ.

ಈ ಪತ್ರವನ್ನು ಅಕ್ಕನಿಗೆ ತೋರಿಸಿಲ್ಲ, ಅವಳಿಂದ ಒಂದು ಪದವನ್ನೂ ಕೇಳಿ ಬರೆದಿಲ್ಲ. ನಿಮಗೆ ಬರೆದ ಪತ್ರಗಳಲ್ಲಿ ಪೂರ್ತಿ ನನ್ನದು ಅಂತ ಇರುವುದು ಇದೊಂದೇ. ನಾಳೆ ಬೆಳಿಗ್ಗೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ, ಶನಿವಾರ ನಿಮ್ಮ ಕೈ ಸೇರುತ್ತದೆ.

ಇಂತಿ,
ನೀವು ಗೆದ್ದಲು ಅಂದುಕೊಂಡಿದ್ದ
ನಾದಿನಿ

ವಿ.ಸೂ.: ಇದು ಎಡಗೈ ಬರಹ, ಸೊಟ್ಟಗಿದೆ, ನಿಧಾನ ಓದಿಕೊಳ್ಳಿ. ಇವಳು ಸ್ನಾನಕ್ಕೆ ಹೋದಾಗ ಬ್ಯಾಗಿನಿಂದ ಕಾಗದ ಜಾರಿತ್ತು, ಓದಿದೆ. ಮಧ್ಯೆ ಸ್ವಲ್ಪ ಎಳೆದಿದ್ದಾಳೆ, ಉಳಿದಂತೆ ಚೆನ್ನಾಗಿ ಬರೆದಿದ್ದಾಳೆ. ಬಾವಿ ಕಾದಂಬರಿಯಲ್ಲಿ ಅಣ್ಣತಮ್ಮಂದಿರು ಮೂವರು. ನೀವು ಕಳಿಸಿದ ಪುಸ್ತಕದಲ್ಲಿ, ಅವನು ಅವಳ ಕಾಲು ಹಿಡಿದು ಅಳುವ ಅಧ್ಯಾಯದವರೆಗೆ ಬಂದೆ. ಅಲ್ಲಿಗೆ ಬಿಟ್ಟೆ. ನಾನು ಅರ್ಧಕ್ಕೆ ಬಿಟ್ಟ ಮೊದಲ ಪುಸ್ತಕ ಇದು. ಇದರ ಜೊತೆಗೇ ವಾಪಸು ಕಳಿಸುತ್ತಿದ್ದೇನೆ. ಬೆನ್ನಿನ ಹೊಲಿಗೆ ಬಿಟ್ಟಿದೆ, ಬೇರೆ ಯಾರ ಹತ್ತಿರವಾದರೂ ಹಾಕಿಸಿಕೊಳ್ಳಿ.