ತರಬೇತುದಾರರ ಕುರ್ಚಿಯಲ್ಲಿ ನಿಮ್ಮ ಭಾವಮೈದುನ

ಮಾನ್ಯ ಕ್ರೀಡಾ ಒಕ್ಕೂಟದ ಅಧ್ಯಕ್ಷರೇ,

ವಿಶ್ವ ಕ್ರೀಡಾಕೂಟದಿಂದ ಮರಳಿದ ಮೇಲೆ ತಾವು ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯನ್ನು ಓದಿದೆ. ಉದ್ದ ಜಿಗಿತದಲ್ಲಿ ನಮ್ಮ ಹುಡುಗಿ ಅಂತಿಮ ಸುತ್ತು ತಲುಪದಿರಲು ‘ತರಬೇತಿಯ ಲೋಪವೇ ಕಾರಣ’ ಎಂದಿದ್ದೀರಿ. ತಮ್ಮ ಬಾಯಿಂದ ಇಷ್ಟು ದೊಡ್ಡ ಸತ್ಯ ಹೊರಬಿದ್ದದ್ದು ಇದೇ ಮೊದಲಿರಬೇಕು. ಲೋಪವಾದದ್ದು ನಿಜ. ಆ ದಿನ ತರಬೇತುದಾರರಿಗೆ ಮೀಸಲಾದ ಕುರ್ಚಿಯಲ್ಲಿ ತರಬೇತುದಾರರು ಇರಲಿಲ್ಲ, ನಿಮ್ಮ ಭಾವಮೈದುನ ಇದ್ದರು. ಹೇಳಿಕೆಯಲ್ಲಿ ಈ ಒಂದು ವಾಕ್ಯ ಬಿಟ್ಟುಹೋಗಿದೆ. ಅದನ್ನು ಸೇರಿಸಲೆಂದೇ ಈ ಪತ್ರ.

ನಾನು ಆ ಹುಡುಗಿಯ ಅಣ್ಣ. ಕನ್ನಡಕದ ಅಂಗಡಿ ನಡೆಸುತ್ತೇನೆ. ತಂಗಿಯನ್ನು ಮನೆಯಲ್ಲಿ ನಾವು ಮಿಡತೆ ಎಂದು ಕರೆಯುತ್ತೇವೆ. ನಡೆಯಲು ಕಲಿತಾಗಿನಿಂದ ಅವಳು ಹೊಸ್ತಿಲು ದಾಟಿದ್ದನ್ನು ಯಾರೂ ನೋಡಿಲ್ಲ, ಹಾರಿದ್ದನ್ನೇ ನೋಡಿದ್ದಾರೆ. ಆ ಹಾರಾಟಕ್ಕೆ ಒಂದು ಲೆಕ್ಕಾಚಾರ ಕಲಿಸಿದವರು ಅವಳ ಶಾಲೆಯ ಆಟದ ಟೀಚರ್. ಅಂದಿನಿಂದ ಇಂದಿನವರೆಗೂ ಅವರೇ ಅವಳ ಗುರು. ಟೀಚರ್ ಹೆಚ್ಚು ಮಾತಿನವರಲ್ಲ. ಹೊಗಳಬೇಕಾದಾಗ ‘ಹೂಂ’ ಎನ್ನುತ್ತಾರೆ, ಬೈಯಬೇಕಾದಾಗಲೂ ‘ಹೂಂ’ ಎನ್ನುತ್ತಾರೆ. ಎರಡರ ವ್ಯತ್ಯಾಸ ಮಿಡತೆಗೆ ಮಾತ್ರ ಗೊತ್ತು.

ಅವಳು ವಿಶ್ವಕೂಟಕ್ಕೆ ಆಯ್ಕೆಯಾದಾಗ ಅಮ್ಮ, ನಾನು, ನನ್ನ ಹೆಂಡತಿ ಮೂವರೂ ನೋಡಲು ಹೊರಟೆವು. ಅಮ್ಮನಿಗೆ ಅದು ಮೊದಲ ವಿಮಾನಯಾನ. ಇಡೀ ದಾರಿ ಕಿಟಕಿಗೆ ಮೂಗು ಒತ್ತಿ ಕೂತವರು ಮೋಡಗಳ ಬಗ್ಗೆ ಒಂದೂ ಒಳ್ಳೆಯ ಮಾತಾಡಲಿಲ್ಲ, ಅಡ್ಡ ಬರುತ್ತವಂತೆ. ಟೀಚರ್ ತಂಡದ ಜೊತೆ ಮೊದಲೇ ಹೋಗಿದ್ದರು. ಸ್ಪರ್ಧೆಯ ಹಿಂದಿನ ಸಂಜೆ ಅವರು ನಮ್ಮ ಹೋಟೆಲಿಗೆ ಬಂದು, ನಮ್ಮ ಪಕ್ಕ ಒಂದು ಸೀಟು ಸಿಗಬಹುದೇ ಎಂದು ಕೇಳಿದರು. ನಮಗೆ ತಲೆಬುಡ ತಿಳಿಯಲಿಲ್ಲ. ಮೈದಾನದ ಪಕ್ಕ ಕೂರಬೇಕಾದವರು ನಮ್ಮ ಜೊತೆ ಮೇಲಿನ ಹಂತದಲ್ಲೇಕೆ? ಆಗ ತಿಳಿಯಿತು. ಪಾಸುಗಳು ಕಡಿಮೆ ಬಂದಿವೆ, ಸ್ವಲ್ಪ ಹೊಂದಿಸಿಕೊಳ್ಳಿ ಎಂದು ತಾವು ಅವರಿಗೆ ಅಪ್ಪಣೆ ಕೊಡಿಸಿದ್ದಿರಿ. ಸ್ವಾಮಿ, ಪಾಸು ಕಡಿಮೆ ಬಂದಿತ್ತೋ, ನೆಂಟರು ಜಾಸ್ತಿ ಬಂದಿದ್ದರೋ?

ಅರ್ಹತಾ ಸುತ್ತಿನಲ್ಲಿ ಮೂರೇ ಜಿಗಿತ. ಓಡಿ ಬಂದು ಹಲಗೆಯ ಮೇಲೆ ಕಾಲೂರಿ ಹಾರಬೇಕು. ಕಾಲು ಹಲಗೆ ದಾಟಿದರೆ ಕೆಂಪು ಬಾವುಟ, ಆ ಜಿಗಿತ ವ್ಯರ್ಥ. ಪ್ರತಿ ಜಿಗಿತದ ನಂತರ ಕ್ರೀಡಾಪಟುಗಳು ಮೈದಾನದ ಅಂಚಿನ ಕಟಕಟೆಯ ಬಳಿ ಓಡಿ ಬಂದು ತಮ್ಮ ತರಬೇತುದಾರರಿಂದ ಎರಡು ಮಾತು ಕೇಳಿಕೊಳ್ಳುತ್ತಾರೆ. ಇದಿಷ್ಟನ್ನು ಒಕ್ಕೂಟದ ಅಧ್ಯಕ್ಷರಿಗೆ ವಿವರಿಸುವ ಪಾಡು ಕನ್ನಡಕದ ಅಂಗಡಿಯವನಿಗೆ ಬಂದಿದೆ.

ಮೊದಲ ಜಿಗಿತಕ್ಕೆ ಕೆಂಪು ಬಾವುಟ ಎದ್ದಿತು. ಟೀಚರ್ ನನ್ನ ಕೈಯಿಂದ ದುರ್ಬೀನು ಕಸಿದುಕೊಂಡರು. ಗಾಬರಿಯಲ್ಲಿ ಹುಡುಗಿ ಕೊನೆಯ ಹೆಜ್ಜೆಗಳನ್ನು ಉದ್ದ ಮಾಡುತ್ತಿದ್ದಾಳೆ, ಅದು ಅವಳಿಗೆ ತಿಳಿಯುತ್ತಿಲ್ಲ, ಯಾರಾದರೂ ಹೇಳಬೇಕು ಎಂದರು. ಮಿಡತೆ ಕಟಕಟೆಯ ಬಳಿ ಓಡಿದಳು. ಅಲ್ಲಿ ತರಬೇತುದಾರರ ಪಾಸನ್ನು ಕೊರಳಿಗೆ ನೇತುಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು ನಿಮ್ಮ ಭಾವಮೈದುನರು ಕಡಲೆಕಾಯಿ ತಿನ್ನುತ್ತಿದ್ದರು. ಅವರು ಕೊಟ್ಟ ತಾಂತ್ರಿಕ ಸಲಹೆಯನ್ನು ತಂಗಿ ನಂತರ ನಮಗೆ ತಿಳಿಸಿದಳು. ಇಲ್ಲಿ ಯಥಾವತ್ತಾಗಿ ಕೊಡುತ್ತಿದ್ದೇನೆ. ಒಕ್ಕೂಟದ ಪಠ್ಯದಲ್ಲಿ ಸೇರಿಸಿಕೊಳ್ಳಬಹುದು.

“ಇನ್ನೂ ಸ್ವಲ್ಪ ಜಾಸ್ತಿ ಹಾರಮ್ಮ.”

ಟೀಚರ್ ಎದ್ದು ಕೆಳಗೆ ಓಡಿದರು. ನಾನೂ ಹಿಂದೆಯೇ ಓಡಿದೆ. ಕೆಳಹಂತದ ಬಾಗಿಲಲ್ಲಿ ಕಾವಲಿನ ಹೆಂಗಸು ತಡೆದು ಪಾಸು ಕೇಳಿದಳು. ಅವಳದೇನೂ ತಪ್ಪಿಲ್ಲ, ಅವಳು ತನ್ನ ಕೆಲಸ ಮಾಡುತ್ತಿದ್ದಳು. ನಿಮ್ಮ ತಂಡದಲ್ಲಿ ಯಾರೂ ಮಾಡದಿದ್ದ ಕೆಲಸ. ಟೀಚರ್ ಮೈದಾನದ ಕಡೆ ಕೈ ತೋರಿಸಿ, ನಮ್ಮ ಭಾಷೆಯಲ್ಲೇ, “ಅದೋ, ನನ್ನ ಪಾಸು ಅಲ್ಲಿ ಕೂತಿದೆ” ಎಂದರು. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾಗಿದ್ದ ತಾವು ಗಣ್ಯರ ಸಾಲಿನಲ್ಲಿ ಯಾರದೋ ಕೈ ಕುಲುಕುತ್ತಿದ್ದಿರಿ. ಟೀಚರ್ ಅಲ್ಲಿಂದಲೇ ತಂಗಿಯನ್ನು ‘ಮಿಡತೆ’ ಎಂದೇ ಕೂಗಿದರು. ಅಷ್ಟು ಸಾವಿರ ಜನರ ಗದ್ದಲದಲ್ಲಿ ಅದು ನನಗೇ ಸರಿಯಾಗಿ ಕೇಳಿಸಲಿಲ್ಲ. ನಾವು ಬಾಗಿಲಲ್ಲಿ ನಿಂತಿರುವಾಗಲೇ ಎರಡನೆಯ ಕೆಂಪು ಬಾವುಟ ಎದ್ದಿತು.

ಉಳಿದದ್ದು ಒಂದೇ ಜಿಗಿತ. ಮತ್ತೆ ತಪ್ಪಿದರೆ ಹೆಸರಿನ ಮುಂದೆ ಏನೂ ಉಳಿಯುವುದಿಲ್ಲ. ಕೇಳಲು ಯಾರೂ ಇಲ್ಲದ ಹುಡುಗಿ ತನಗೆ ತೋಚಿದ್ದು ಮಾಡಿದಳು. ಓಟ ಶುರು ಮಾಡುವ ಗುರುತನ್ನು ಬಹಳ ಹಿಂದಕ್ಕೆ ಸರಿಸಿ, ಹಲಗೆ ಇನ್ನೂ ದೂರವಿರುವಾಗಲೇ ನೆಲ ಬಿಟ್ಟಳು. ಬಿಳಿ ಬಾವುಟ ಎದ್ದಿತು. ಅಮ್ಮ ಮೇಲಿನಿಂದ ಚಪ್ಪಾಳೆ ತಟ್ಟಿದರಂತೆ. ಪಾಪ, ಅವರಿಗೆ ಬಾವುಟದ ಬಣ್ಣವಷ್ಟೇ ಗೊತ್ತು. ಅಂತಿಮ ಸುತ್ತಿಗೆ ನಾಲ್ಕು ಬೆರಳಿನಷ್ಟು ಕಡಿಮೆ ಬಿದ್ದಿತ್ತು. ಜಿಗಿತ ಅಳೆಯುವುದು ಹಲಗೆಯಿಂದ. ಹಲಗೆಯ ಹಿಂದೆ ಅವಳು ಬಿಟ್ಟುಕೊಟ್ಟ ಜಾಗ ಆ ನಾಲ್ಕು ಬೆರಳಿಗಿಂತ ಎಷ್ಟೋ ಹೆಚ್ಚು.

ಹೊರಬಾಗಿಲಲ್ಲಿ ಕಾದೆವು. ಅಳುತ್ತಾ ಬರುತ್ತಾಳೆಂದು ಅಮ್ಮ ಸೆರಗು ಸಿದ್ಧ ಮಾಡಿಕೊಂಡಿದ್ದರು. ಅವಳು ಅಳಲಿಲ್ಲ. ನೇರವಾಗಿ ಟೀಚರ್ ಎದುರು ನಿಂತಳು.

“ಕೊನೇ ಹೆಜ್ಜೆ ಉದ್ದ ಆಗ್ತಿತ್ತಾ ಟೀಚರ್?”

“ಆಗ್ತಿತ್ತು ಮಗಾ.”

“ಮೇಲಿಂದ ಕಾಣಿಸ್ತಾ?”

“ಚೆನ್ನಾಗಿ ಕಾಣಿಸ್ತು.”

ಅಷ್ಟರಲ್ಲಿ ತಮ್ಮ ಸವಾರಿ ಚಿತ್ತೈಸಿತು. ಭಾವಮೈದುನರು ಫೋನು ಚಾಚಿ, ಒಂದು ಫೋಟೊ ಆಗಿಬಿಡಲಿ ಎಂದರು. ನನ್ನ ತಂಗಿ ಅವರ ಪಕ್ಕ ನಿಂತಳು. ನಕ್ಕಳು ಕೂಡ. ನನ್ನ ಮೈಯೆಲ್ಲ ಉರಿದುಹೋಯಿತು. ನೀವು ಅತ್ತ ಹೋದ ಮೇಲೆ ಅಮ್ಮ, ಅವನ ಪಕ್ಕ ಯಾಕೆ ನಿಂತೆ ಎಂದು ಕೇಳಿದರು.

“ಮುಂದಿನ ಸಲದ ಆಯ್ಕೆ ಇವರ ಕೈಲೇ ಇದೆ ಅಮ್ಮ” ಎಂದಳು ಮಿಡತೆ.

ಅಧ್ಯಕ್ಷರೇ, ತಮ್ಮ ಆಡಳಿತದ ಸಾಧನೆ ಈ ಒಂದು ವಾಕ್ಯದಲ್ಲಿದೆ. ಗಾಳಿಗೆ ಹೆದರದ, ಎದುರಾಳಿಗಳಿಗೆ ಹೆದರದ ಹುಡುಗಿಗೆ ಒಬ್ಬ ಕಡಲೆಕಾಯಿ ತಿನ್ನುವವನ ಪಕ್ಕ ನಿಂತು ನಗುವುದನ್ನು ಕಲಿಸಿದ್ದೀರಿ. ಇದಕ್ಕೆ ಯಾವ ಪದಕ ಕೊಡುತ್ತಾರೋ ನಾನರಿಯೆ. ಕೊಟ್ಟರೆ ಅದೂ ನಿಮ್ಮ ನೆಂಟರ ಕೊರಳಿಗೇ ಹೋಗುತ್ತದೆ ಬಿಡಿ.

ಈ ಪತ್ರವನ್ನು ಅಂದೇ ಬರೆಯುವವನಿದ್ದೆ. ತಂಗಿ ಬೇಡವೆಂದಳು, ಸುಮ್ಮನಾದೆ. ಮೊನ್ನೆ ತಮ್ಮ ಹೇಳಿಕೆ ಬಂತು. ಅವಳು ಅಡುಗೆಮನೆಯಲ್ಲಿ ನಿಂತು ಅದನ್ನು ಎರಡು ಸಲ ಓದಿದಳು. ಪತ್ರಿಕೆಯನ್ನು ಮಡಿಸಿ ನನ್ನ ಮುಂದೆ ಇಟ್ಟು, “ಬರಿ ಅಣ್ಣ” ಎಂದಳು. ಆಯ್ಕೆಯ ಗತಿಯೇನು ಎಂದು ಕೇಳಿದೆ. “ನಂಗೇನಾದ್ರೂ ಅನ್ಲಿ, ನುಂಗ್ಕೋತಿದ್ದೆ. ಟೀಚರ್‌ಗೆ ಅಂದಿದ್ದಾರೆ. ಬರಿ.”

ಆದ್ದರಿಂದ ಕೇಳುತ್ತಿದ್ದೇನೆ. ಆ ಹೇಳಿಕೆಯನ್ನು ಅದೇ ಪತ್ರಿಕೆಗಳಲ್ಲಿ, ಅದೇ ಜಾಗದಲ್ಲಿ ಹಿಂತೆಗೆದುಕೊಳ್ಳಿ. ಟೀಚರ್ ಪಾಸು ಯಾರ ಕೊರಳಲ್ಲಿತ್ತೆಂದು ತಮ್ಮ ಬಾಯಿಂದಲೇ ಹೇಳಿ. ಆಮೇಲೆ ರಾಜೀನಾಮೆ ಕೊಡಿ. ತಂಗಿಯನ್ನು ಕೈಬಿಟ್ಟು ಸೇಡು ತೀರಿಸಿಕೊಳ್ಳುವ ಯೋಚನೆಯಿದ್ದರೆ, ಅವಳು ಇವತ್ತು ಬೆಳಿಗ್ಗೆಯೂ ಟೀಚರ್ ಜೊತೆ ಮೈದಾನಕ್ಕೆ ಹೋಗಿದ್ದಾಳೆ ಎಂಬುದು ತಿಳಿದಿರಲಿ. ಅಲ್ಲಿಗೆ ಯಾರ ಪಾಸೂ ಬೇಕಿಲ್ಲ.

ಇಂತಿ,
ತಮ್ಮ ಭಾವಮೈದುನರಿಗಿಂತ ಬಹಳ ಹಿಂದೆ, ಬಹಳ ಮೇಲೆ ಕೂತಿದ್ದ
ಒಬ್ಬ ಅಣ್ಣ