ಹಳಬರ ಜೊತೆ ಮಾತಾಡಬೇಡ

ಭಾನುವಾರ ಮಧ್ಯಾಹ್ನ
ನಾಟಿ ಶುರುವಾಗಿ ಹತ್ತನೆಯ ದಿನ

ಪುಟ್ಟಿಯ ಅಪ್ಪನಿಗೆ,

ನಾನು ಕ್ಷೇಮ. ನೀವು, ಅತ್ತೆ, ಪುಟ್ಟಿ ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಅರ್ಧ ಮಾತಿಗೇ ಸಿಗ್ನಲ್ ಇಲ್ಲ ಎನ್ನುವವರು. ಕಾಗದಕ್ಕೆ ಆ ನೆಪ ನಡೆಯುವುದಿಲ್ಲ, ಕೂತು ಪೂರ್ತಿ ಓದಿ.

ಮೊದಲು ಕೆಲಸದ ವಿಷಯ. ನನ್ನನ್ನು ಸಸಿ ಬೆಳೆಸುವ ಶೆಡ್ಡಿಗೆ ಹಾಕಿದ್ದಾರೆ. ಪ್ಲಾಸ್ಟಿಕ್ ಟ್ರೇಗಳಲ್ಲಿ ಮಣ್ಣು ಹರಡಿ, ಮೊಳಕೆ ಭತ್ತ ಚೆಲ್ಲಿ, ನೀರು ಚಿಮುಕಿಸಿ ಸಾಲಾಗಿ ಜೋಡಿಸಬೇಕು. ಸಸಿ ಗೇಣುದ್ದ ಬಂದ ಮೇಲೆ ಚಾಪೆಯ ಹಾಗೆ ಸುರುಳಿ ಸುತ್ತಿ ನಾಟಿ ಯಂತ್ರದವರಿಗೆ ಕೊಡುತ್ತೇವೆ. ಸಂಜೆ ಆ ಯಂತ್ರದವರು ಬೂಟು ಕಳಚಿದರೆ ಕಾಲು ನೋಡಲಾಗುವುದಿಲ್ಲ. ಬೆರಳ ಸಂದಿಯೆಲ್ಲ ಕೆಸರುಹುಣ್ಣು.

ಕಾಲಿನ ವಿಷಯಕ್ಕೇ ಬರುತ್ತೇನೆ. ಹೋದ ವರ್ಷ ಆರು ತಿಂಗಳು ಈ ಪರದೇಶದಲ್ಲೇ ನಾಟಿ ಯಂತ್ರ ಓಡಿಸಿ ಬಂದೆ ಎಂದಿರಿ. ಬಂದ ದಿನ ನೀವು ಕಾಲು ಚಾಚಿ ಮಲಗಿದ್ದಾಗ ನೋಡಿದೆ. ಹಿಮ್ಮಡಿ ಪುಟ್ಟಿಯ ಕೆನ್ನೆಯ ಹಾಗಿತ್ತು. ಹೊಟ್ಟೆ ಬೇರೆ ಬಂದಿತ್ತು. ಚಿಕ್ಕಂದಿನಿಂದ ಗದ್ದೆಗೆ ಇಳಿದವಳು ನಾನು. ಕೆಸರಿನಲ್ಲಿ ದುಡಿದು ಹೊಟ್ಟೆ ಬರಿಸಿಕೊಂಡವರನ್ನು ಇದುವರೆಗೆ ಕಂಡಿಲ್ಲ. ಸಾಲದ್ದಕ್ಕೆ ನೀಲಿ ಅಂಗಿಯ ಗುಂಡಿಯೊಂದನ್ನು ಯಾರೋ ಕಪ್ಪು ದಾರದಲ್ಲಿ ಒಪ್ಪವಾಗಿ ಹೊಲಿದಿದ್ದರು. ಅಂಗಿ ಒಗೆದು ಮಡಚಿಟ್ಟೆ.

ಈ ಸಲ ನಾನು ಹೋಗುತ್ತೇನೆ ಎಂದಾಗ ನೀವು ಹೌಹಾರಿದಿರಿ. "ನಿಂಗ್ಯಾಕೆ ಆ ಕಷ್ಟ? ಮಗು ಗತಿ ಏನು?" ಎಂದಿರಿ. ಹೊರಡುವ ದಿನ ನನ್ನ ಚೀಲದ ಜಿಪ್ಪು ಎಳೆಯುತ್ತಾ, ಮುಖ ನೋಡದೆ, "ಅಲ್ಲಿ ಹಳಬರ ಜೊತೆ ಜಾಸ್ತಿ ಮಾತಾಡ್ಬೇಡ" ಎಂದಿರಿ. ಸಂಪಾದನೆಗೆ ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ. ನಿಜವಾಗಿ ಬಂದದ್ದು ಆ ಹಳಬರ ಜೊತೆ ಮಾತಾಡಲಿಕ್ಕೆ.

ನಾನು ನಿಮ್ಮ ಹೆಂಡತಿ ಎಂದು ಯಾರಿಗೂ ತಿಳಿಸಲಿಲ್ಲ. ಹೋದ ಸೋಮವಾರ ಮೇಸ್ತ್ರಿಯನ್ನು ನಿಮ್ಮ ಹೆಸರು ಹಿಡಿದು ವಿಚಾರಿಸಿದೆ. ಅವರು ಅಡ್ಡಡ್ಡ ತಲೆ ಆಡಿಸಿದರು. "ಹೋದ ಸಲ ಮಷಿನ್ ಓಡಿಸಿದೋರು ಒಂಬತ್ತೇ ಜನ ಕಣಮ್ಮಾ. ಅಷ್ಟೂ ಮುಖ ನಂಗೊತ್ತು. ಈ ಹೆಸ್ರಿನೋರು ಯಾರೂ ಇರ್ಲಿಲ್ಲ." ಅಂದು ನಾನು ಟ್ರೇಗೆ ಚೆಲ್ಲಿದ ಭತ್ತ ಒಂದು ಕಡೆ ಗುಡ್ಡೆ, ಒಂದು ಕಡೆ ಬಯಲು. ಹಾಗಾದರೆ ಆರು ತಿಂಗಳು ನೀವು ಯಾವ ಮನೆಯಲ್ಲಿ, ಯಾರ ಕೈ ಊಟ ಉಂಡು ದಪ್ಪಗಾದಿರಿ?

ಗುರುವಾರ ಊಟದ ಹೊತ್ತಿಗೆ ಪರ್ಸಿನಿಂದ ನಿಮ್ಮ ಫೋಟೋ ಜಾರಿ ಬಿತ್ತು. ಪಕ್ಕದಲ್ಲಿದ್ದವರು ಯಂತ್ರ ರಿಪೇರಿಯ ವೆಲ್ಡರಣ್ಣ, ನಮ್ಮೂರ ಕಡೆಯ ಹಳಬರು. ಎತ್ತಿಕೊಟ್ಟವರು ಹಾಗೇ ಕಣ್ಣರಳಿಸಿದರು. "ಅಯ್ಯೋ, ಇವ್ರು ನಮ್ ಅಡುಗೆ ಅಣ್ಣ ಅಲ್ವೇನಮ್ಮಾ! ಈ ಸಲ ಬರ್ಲಿಲ್ವಲ್ಲಾ ಅಂತ ಇಲ್ಲಿ ಎಲ್ರೂ ಅಳ್ತಾ ಇದೀವಿ!"

ಮನೆಯಲ್ಲಿ ನೀರಿನ ಲೋಟವೂ ಕೈಗೇ ಬರಬೇಕು ನಿಮಗೆ. ನೀವು ಅಡುಗೆ ಅಣ್ಣ!

ಮೂರನೆಯ ದಿನವೇ ಬಿಸಿಲಿಗೆ ತಲೆ ತಿರುಗಿ ಗದ್ದೆಯಲ್ಲಿ ಬಿದ್ದಿರಂತೆ. ಯಂತ್ರ ತಾನಾಗಿ ಬದು ಹತ್ತಿತಂತೆ. ವಾಪಸು ಕಳಿಸುವ ಮಾತು ಬಂದಾಗ ನೀವು ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಯಾರೂ ಹೇಳದೆ ಎರಡು ಚೀಲ ಈರುಳ್ಳಿ ಹೆಚ್ಚಿದಿರಂತೆ. ಅಲ್ಲೇ ಉಳಿದಿರಂತೆ. ಅಂದಿನಿಂದ ಮೇಸ್ತ್ರಿಗೂ ನಿಮ್ಮ ಹೆಸರು ಮರೆತು, ಎಲ್ಲರ ಬಾಯಲ್ಲೂ ಬರೀ ಅಡುಗೆ ಅಣ್ಣ ಆದಿರಂತೆ. ನಲವತ್ತು ಜನಕ್ಕೆ ಬೇಯಿಸಿ, ಕೊನೆಯವರಿಗೂ ಬಿಸಿಯಾಗಿ ಬಡಿಸಿದಿರಂತೆ. ಇಲ್ಲಿಂದ ಹೊರಡುವ ದಿನ ಎಲ್ಲರ ಕೈಹಿಡಿದು ಕೇಳಿಕೊಂಡಿರಂತೆ: "ನಮ್ಮನೆಯವಳಿಗೆ ಮಾತ್ರ ಯಾರೂ ಹೇಳ್ಬೇಡಿ. ಅವಳು ಗದ್ದೇಲೇ ಬೆಳೆದೋಳು. ನಗ್ತಾಳೆ."

ನಕ್ಕೆ. ಅನ್ನ ನೆತ್ತಿಗೇರುವಷ್ಟು ನಕ್ಕೆ. ಆಮೇಲೆ ಟ್ರೇಗಳ ಹಿಂದೆ ಹೋಗಿ ಅತ್ತುಬಿಟ್ಟೆ. ಮದುವೆಯಾಗಿ ಹನ್ನೊಂದು ವರ್ಷ, ಜ್ವರ ಬಂದಾಗಲೂ ನಾನೇ ಎದ್ದು ಒಲೆ ಹಚ್ಚಿದ್ದು ನೆನಪಾಗಿ ಆ ಅಳು ಸಿಟ್ಟಾಯಿತು. ಗುಂಡಿ ಹೊಲಿದದ್ದು ಯಾರೆಂದು ವೆಲ್ಡರಣ್ಣನಿಗೂ ಗೊತ್ತಿಲ್ಲ. ಅದನ್ನು ನಿಮ್ಮ ಬಾಯಿಂದಲೇ ಕೇಳುತ್ತೇನೆ.

ಮಗಳ ಹೆರಿಗೆಯೆಂದು ವೆಲ್ಡರಣ್ಣ ನಾಳೆ ವಿಮಾನ ಹತ್ತುತ್ತಿದ್ದಾರೆ. ಈ ಕಾಗದವನ್ನು ಅವರ ಕೈಗೇ ಕೊಡುತ್ತಿದ್ದೇನೆ. ನಿನ್ನೆ ಮೇಸ್ತ್ರಿ ಬಂದು, "ನಿಂಗೆ ಅಡುಗೆ ಬರುತ್ತೇನಮ್ಮಾ?" ಎಂದು ಕೇಳಿದರು. ಬರೋದಿಲ್ಲ, ನಮ್ಮನೇಲಿ ಅದು ಅವರ ಕೆಲಸ ಎಂದೆ.

ಇಂತಿ,
ನಿಮ್ಮನ್ನು ಇನ್ನೂ ಪೂರ್ತಿ ನಂಬದ
ಪುಟ್ಟಿಯ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ನಾಚಿಕೆ. ಆ ಸೋಮವಾರವೇ ಅತ್ತೆಯ ಹೆಸರಿಗೆ ಒಂದು ಕಾಗದ ಅಂಚೆಗೆ ಹಾಕಿಬಿಟ್ಟೆ. ಅದಕ್ಕಿಂತ ಮೊದಲು ಇದು ನಿಮ್ಮ ಕೈ ಸೇರಬೇಕು. ಅಂಚೆಯವರ ಹತ್ತಿರ ಅದನ್ನು ನೀವೇ ಇಸಿದುಕೊಂಡು, ಒಡೆಯದೆ ಒಲೆಗೆ ಹಾಕಿ. ಅದರಲ್ಲಿ, ಪುಟ್ಟಿಯನ್ನು ನನ್ನ ತಂಗಿಯ ಮನೆಗೆ ಕಳಿಸಿಬಿಡಿ, ನಾನಿನ್ನು ಆ ಮನೆಗೆ ಬರುವುದಿಲ್ಲ ಎಂದು ಬರೆದಿದ್ದೇನೆ.