ಮಗುಚಿದಾಗ ಬಿದ್ದದ್ದು

ಮುನಿಲಕ್ಷ್ಮಿ,

ಇವತ್ತು ಬೆಳಿಗ್ಗೆ ಮೊದಲ ಸಲ ವಿಮಾನವನ್ನು ತಲೆಕೆಳಗು ಮಾಡಿದೆ. ಹತ್ತುವ ಮುಂಚೆ ತಿಲಕ್ ಸಾರ್ ನನ್ನ ಜೇಬುಗಳನ್ನೆಲ್ಲ ಖಾಲಿ ಮಾಡಿಸಿದರು. "ಮಗುಚಿದಾಗ ಸಡಿಲ ಇರೋದೆಲ್ಲ ಬೀಳ್ತದೆ ಕಣಮ್ಮ," ಅಂದರು.

ಸಾನಮಾವು ಕಾಡಿನ ಮೇಲೆ ಅವರು ಹೇಳಿದಂತೆ ನಿಧಾನವಾಗಿ ಮಗುಚಿದೆ. ಕಾಡು ನೆತ್ತಿಯ ಮೇಲೆ ಬಂತು. ಬೆಲ್ಟಿನಲ್ಲಿ ಜೋತುಬಿದ್ದೆ. ಹೆದರಿಕೆಯಾಗಲಿಲ್ಲ, ಖುಷಿಯೂ ಆಗಲಿಲ್ಲ. ಸೀಟಿನಡಿಯ ಧೂಳೆಲ್ಲ ಮುಖದ ಮುಂದೆಯೇ ಹಾದು ತಲೆಯ ಮೇಲಿನ ಗಾಜಿಗೆ ಬಿತ್ತು. ಅದರ ಜೊತೆ ನನ್ನ ಅಜ್ಜಿಯ ಕೆಂಪು ಕಲ್ಲಿನ ಓಲೆಯೂ ಬಿತ್ತು. ಯಾವತ್ತೋ ಹೆಡ್‌ಸೆಟ್ ತೆಗೆಯುವಾಗ ಕಿವಿಯಿಂದ ಕಳಚಿರಬೇಕು.

ಅದನ್ನು ನೀನೇ ಕದ್ದೆ ಎಂದು ನಾನು ಹಾಸ್ಟೆಲ್ಲಿಗೆಲ್ಲ ಹೇಳಿದ್ದೆ. ನೀನು ಪೆಟ್ಟಿಗೆ ತೆರೆದಿಟ್ಟು, "ನೋಡ್ಕಳ್ಳೇ," ಅಂದಿದ್ದೆ. ನಾನು ನೋಡಿದ್ದೆ, ಎಲ್ಲರ ಮುಂದೆ, ಒಂದೊಂದೇ ಬಟ್ಟೆ ಕೊಡವಿ. ಮರುದಿನ ನಿಮ್ಮಪ್ಪ ಜವಳಗಿರಿಯಿಂದ ಬಂದು ನಿನ್ನನ್ನು ಕರೆದುಕೊಂಡು ಹೋದರು. ನೀನು ಮತ್ತೆ ಹಾರಲು ಬರಲಿಲ್ಲ.

ಇಳಿದ ಮೇಲೆ ಸಾರ್ ಓಲೆಯನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು: "ಇದು ಯಾರ್ದಮ್ಮ?"

ಸುತ್ತ ಬೇರೆ ಯಾರೂ ಇರಲಿಲ್ಲ.

"ಗೊತ್ತಿಲ್ಲ ಸಾರ್," ಅಂದೆ.

ಸಿಂಚನಾ